ನಾವೂ ನಗರದ ಅಚ್ಚುಕೂಟ

ಮುಖರ್ಜಿ ನಗರದಲ್ಲಿ ಕನ್ನಡದ ಮನೆಗಳು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ನಾವು ನಾಲ್ಕಾರು ಮಂದಿ ಸೇರಿ ತಿಂಗಳಿಗೊಂದು ಸೈಕ್ಲೋಸ್ಟೈಲ್ ಪತ್ರಿಕೆ ಹೊರಡಿಸುತ್ತಿದ್ದೆವು. ಪತ್ರಿಕೆ ಎಂದರೆ ದೊಡ್ಡ ಮಾತಾಯಿತು. ನಾಲ್ಕು ಹಾಳೆ, ಒಂದು ಪಿನ್ನು. ಯಾರ ಮನೆಯಲ್ಲಿ ನಾಮಕರಣ, ಯಾರಿಗೆ ಬೆಂಗಳೂರಿಗೆ ವರ್ಗವಾಯಿತು, ಬ್ಯಾಡಗಿ ಮೆಣಸಿನಕಾಯಿ ಬೇಕಾದವರು ಊರಿಗೆ ಹೋಗುವ ಯಾರಿಗೆ ಹೇಳಿಕೊಳ್ಳಬೇಕು, ಇಂಥ ಸಂಗತಿಗಳು. ಒಂದು ಸಲ ಸದಸ್ಯರೊಬ್ಬರ ಪತ್ರ ಅದರಲ್ಲಿ ಸೇರಿಕೊಂಡಿತು. ಗಣೇಶನ ಹಬ್ಬಕ್ಕೆ ಎತ್ತಿದ ಚಂದಾದ ಲೆಕ್ಕ ದೀಪಾವಳಿ ಕಳೆದರೂ ಹೊರಬರಲಿಲ್ಲವೇಕೆ, ಎಲ್ಲರ ಹೆಸರಿನಲ್ಲಿ ಎರಡು ಮನೆಯವರೇ ತೀರ್ಮಾನ ಮಾಡುವುದು ಸರಿಯೇ ಎಂದು ಅವರು ಕೇಳಿದ್ದರು. ಭಾಷೆ ಸ್ವಲ್ಪ ಖಾರವಾಗಿಯೇ ಇತ್ತು. ಸ್ಟೆನ್ಸಿಲ್ ಬರೆದ ಹುಡುಗ ಅದರ ಗಂಭೀರತೆ ತಿಳಿಯದೆ ಬರೆದು ಮುಗಿಸಿದ್ದ, ಪ್ರತಿಗಳೂ ತೆಗೆದಾಗಿತ್ತು.

ಹಂಚುವ ಮುನ್ನ ಒಬ್ಬರ ಬರಸಾತಿಯಲ್ಲಿ ಸಭೆ ಸೇರಿತು. ಮೂರು ಗಂಟೆ ಮಾತಾಯಿತು. ಲೆಕ್ಕದ ಪುಸ್ತಕ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಮಾತೆಲ್ಲ ಪತ್ರ ಬರೆದವರ ಮೇಲೆಯೇ: ಅವರ ಸ್ವಭಾವ, ಆಫೀಸಿನಲ್ಲಿ ಅವರು ಆಡಿದ ಜಗಳ, ಹಿಂದೊಮ್ಮೆ ಒಯ್ದು ಹಿಂತಿರುಗಿಸದ ಜಮಖಾನೆ. ಪತ್ರ ಬರೆದವರನ್ನು ಸಭೆಗೆ ಕರೆದಿರಲಿಲ್ಲ. ಕೊನೆಗೆ ಕಟ್ಟನ್ನೇ ಅಂಗೀಠಿಗೆ ಹಾಕುವುದೆಂದು ನಿಶ್ಚಯವಾಯಿತು. ಒಬ್ಬರು ಬೇಡವೆಂದರು, ಉಳಿದವರು ಕೈಯೆತ್ತಿದರು. ಕೈಯೆತ್ತಿದವರಲ್ಲಿ ನಾವೂ ಇದ್ದೆವು. ಇದನ್ನು ಹೇಳಿಕೊಳ್ಳಲು ಇಷ್ಟು ವರ್ಷ ಬೇಕಾಯಿತು. ಆ ಮಹನೀಯರು ಮತ್ತೆ ನಮ್ಮ ಯಾವ ಹಬ್ಬಕ್ಕೂ ಬರಲಿಲ್ಲ.

ಬಹಳ ಕಾಲದ ಮೇಲೆ, ಬೇರೆ ಏನನ್ನೋ ಹುಡುಕುತ್ತಿದ್ದಾಗ, ಅಮೆರಿಕದ ಒಂದು ಪೌರಸಭೆಯ ನಡವಳಿಗಳು ಕಣ್ಣಿಗೆ ಬಿದ್ದವು. 1844ನೆಯ ಇಸವಿ ಜೂನ್ 8 ಮತ್ತು 10ರ ನಡವಳಿಗಳು. ಇಲಿನಾಯ್ ರಾಜ್ಯದಲ್ಲಿ ಮಿಸಿಸಿಪ್ಪಿ ನದಿಯ ತಿರುವಿನಲ್ಲಿರುವ ಊರು. ಊರಿನ ಹೆಸರು ನಾವೂ. ಹೀಬ್ರೂ ಭಾಷೆಯಲ್ಲಿ ರಮಣೀಯವೆಂಬ ಅರ್ಥ ಬರುತ್ತದೆಂದು ಊರು ಕಟ್ಟಿದವರು ಇಟ್ಟ ಹೆಸರದು. ಕನ್ನಡದವರು ಓದಿದರೆ ಬೇರೊಂದು ಅರ್ಥವೇ ಬರುತ್ತದೆ. ನಮಗಂತೂ ಅದು ಚುಚ್ಚಿತು. ಆ ಸಭೆಯ ಕಥೆಯನ್ನು ಓದುಗರ ಮುಂದಿಡಬೇಕೆನಿಸಿ ಈ ಬರಹ.

ನಾವೂ ನಗರ ವಲಸೆ ಬಂದವರ ಊರು. 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಎಂಬ ಇಪ್ಪತ್ತನಾಲ್ಕರ ತರುಣ ಒಂದು ಹೊಸ ಚರ್ಚನ್ನು ಸ್ಥಾಪಿಸಿದ. ಅವನು ಪ್ರಕಟಿಸಿದ ಮಾರ್ಮನ್ ಗ್ರಂಥದಿಂದಾಗಿ ಅನುಯಾಯಿಗಳಿಗೆ ಮಾರ್ಮನ್ನರೆಂಬ ಹೆಸರು ಬಂತು. ಅವನನ್ನು ಅವರು ಪ್ರವಾದಿಯೆಂದು ನಂಬಿದರು. ಅವರು ಗುಂಪಾಗಿ ಬಂದು ನೆಲೆಸುತ್ತಿದ್ದರು, ಗುಂಪಾಗಿ ಭೂಮಿ ಕೊಳ್ಳುತ್ತಿದ್ದರು, ಗುಂಪಾಗಿಯೇ ಮತ ಹಾಕುತ್ತಿದ್ದರು. ನೆರೆಯವರಿಗೆ ಇದು ಸಹನೆಯಾಗಲಿಲ್ಲ. ಹೊರಗಿನಿಂದ ಬಂದು ನೆಲೆಸಿದವರ ಬಗ್ಗೆ ಮೊದಲೇ ನೆಲೆಸಿದವರಿಗೆ ಏನನಿಸುತ್ತದೆಂಬುದನ್ನು ದೆಹಲಿ, ಮುಂಬಯಿ, ಮದರಾಸುಗಳ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ.

ಈ ಜನರ ಮೊದಲ ಪತ್ರಿಕೆಗೆ ಆದ ಗತಿಯನ್ನು ಇಲ್ಲಿ ತುಸು ವಿವರವಾಗಿ ಹೇಳಬೇಕು, ಮುಂದಿನ ಕಥೆಯ ತಿರುಳು ಅಲ್ಲಿಯೇ ಇದೆ. ಮಿಸೂರಿ ರಾಜ್ಯದ ಇಂಡಿಪೆಂಡೆನ್ಸ್ ಎಂಬ ಊರಿನಲ್ಲಿ ಡಬ್ಲ್ಯು. ಡಬ್ಲ್ಯು. ಫೆಲ್ಪ್ಸ್ ಎಂಬಾತ ಮಾರ್ಮನ್ನರಿಗಾಗಿ ಮಾಸಪತ್ರಿಕೆಯೊಂದನ್ನು ನಡೆಸುತ್ತಿದ್ದ. ಮಿಸೂರಿ ಗುಲಾಮಗಿರಿಯಿದ್ದ ರಾಜ್ಯ. 1833ರಲ್ಲಿ ಅವನ ಪತ್ರಿಕೆಯಲ್ಲಿ ಸ್ವತಂತ್ರ ಕರಿಯರ ವಲಸೆಗೆ ಸಂಬಂಧಿಸಿದ ಲೇಖನವೊಂದು ಬಂತು. ಊರವರು ಕೆರಳಿದರು. ಜುಲೈ 20ರಂದು ಸಭೆ ಸೇರಿ, ಪತ್ರಿಕೆ ನಿಲ್ಲಬೇಕು, ನೀವೆಲ್ಲ ಜಾಗ ಖಾಲಿ ಮಾಡಬೇಕು ಎಂದರು. ಒಪ್ಪಿಗೆ ಬಾರದಿದ್ದಾಗ ಅಚ್ಚುಕೂಟದ ಇಟ್ಟಿಗೆ ಕಟ್ಟಡವನ್ನೇ ಕೆಡವಿದರು, ಮುದ್ರಣಯಂತ್ರವನ್ನು ಮೇಲಿನ ಅಂತಸ್ತಿನಿಂದ ಕೆಳಕ್ಕೆ ಎಸೆದರು. ಫೆಲ್ಪ್ಸನ ಕುಟುಂಬ ಅದೇ ಕಟ್ಟಡದಲ್ಲಿ ವಾಸವಾಗಿತ್ತು. ಅವರೆಲ್ಲ ಬೀದಿಗೆ ಬಿದ್ದರು. ಚರ್ಚಿನ ಬಿಷಪ್ಪನ ಮೈಗೆ ಡಾಂಬರು ಬಳಿದು ಹಕ್ಕಿಯ ಪುಕ್ಕ ಅಂಟಿಸಿದರು. ಅಚ್ಚಾಗುತ್ತಿದ್ದ ಧರ್ಮಗ್ರಂಥದ ಹಾಳೆಗಳು ಬೀದಿಯಲ್ಲಿ ಚೆಲ್ಲಿದ್ದವು. ಇಬ್ಬರು ಚಿಕ್ಕ ಹುಡುಗಿಯರು, ಅಕ್ಕತಂಗಿಯರು, ಅವನ್ನು ಬಾಚಿಕೊಂಡು ಜೋಳದ ಹೊಲದೊಳಗೆ ಓಡಿ ಅಡಗಿ ಉಳಿಸಿದರು. ಮಾರ್ಮನ್ನರ ಮನೆಗಳಲ್ಲಿ ಇಂದಿಗೂ ಮಕ್ಕಳಿಗೆ ಹೇಳುವ ಕಥೆಯಿದು.

ಐದು ವರ್ಷಗಳ ಮೇಲೆ ಇನ್ನೂ ಘೋರವಾದುದು ನಡೆಯಿತು. 1838ರ ಅಕ್ಟೋಬರ್ 27ರಂದು ಮಿಸೂರಿಯ ಗವರ್ನರ್ ಬಾಗ್ಸ್, ಮಾರ್ಮನ್ನರನ್ನು ರಾಜ್ಯದಿಂದ ಓಡಿಸಬೇಕು ಇಲ್ಲವೇ ನಿರ್ಮೂಲ ಮಾಡಬೇಕೆಂದು ಆಜ್ಞೆಯನ್ನೇ ಹೊರಡಿಸಿದ. ಮೂರು ದಿನಗಳಲ್ಲಿ ಹಾನ್ಸ್ ಮಿಲ್ ಎಂಬ ಹಳ್ಳಿಯಲ್ಲಿ 17 ಮಂದಿ ಹತರಾದರು. ಉಳಿದವರು ಚಳಿಗಾಲದಲ್ಲಿ ನಡೆದು ಮಿಸಿಸಿಪ್ಪಿ ದಾಟಿ ಇಲಿನಾಯ್‌ಗೆ ಬಂದರು. ಅಲ್ಲಿ ಜೌಗು ನೆಲವನ್ನು ಒಣಗಿಸಿ 1839ರಿಂದ ಕಟ್ಟಿದ ಊರೇ ನಾವೂ ನಗರ. ಐದು ವರ್ಷಗಳಲ್ಲಿ ಅದರ ಜನಸಂಖ್ಯೆ ಹನ್ನೊಂದು ಹನ್ನೆರಡು ಸಾವಿರಕ್ಕೆ ಏರಿತು.

ರಾಜ್ಯ ಶಾಸನಸಭೆ 1840ರ ಡಿಸೆಂಬರಿನಲ್ಲಿ ಆ ಊರಿಗೆ ಒಂದು ಉದಾರ ಸನ್ನದು ಕೊಟ್ಟಿತು. ಅದರ ಬಲದಿಂದ ಊರಿಗೆ ಸ್ವಂತ ಪೌರಸಭೆ, ಸ್ವಂತ ನ್ಯಾಯಾಲಯ, ಸ್ವಂತ ಪಡೆ ಬಂದವು. 1842ರಿಂದ ಸ್ಮಿತ್‌ನೇ ಮೇಯರು. ಮೇಯರಾದವನು ಪುರ ನ್ಯಾಯಾಲಯದ ಮುಖ್ಯ ನ್ಯಾಯಾಧೀಶನೂ ಹೌದು. ಪಡೆಗೆ ಅವನೇ ಲೆಫ್ಟಿನೆಂಟ್ ಜನರಲ್. 1844ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೂ ಅವನು ಅಭ್ಯರ್ಥಿಯಾಗಿ ನಿಂತ. ನಮ್ಮ ಕಡೆಯ ಮಠಾಧಿಪತಿಗಳೊಬ್ಬರು ಪುರಸಭಾಧ್ಯಕ್ಷರೂ ಜಿಲ್ಲಾ ನ್ಯಾಯಾಧೀಶರೂ ಪಡೆಯ ಸೇನಾನಿಯೂ ಆಗಿ ಲೋಕಸಭೆಗೂ ನಿಂತರೆ ಹೇಗಿರುತ್ತದೋ ಊಹಿಸಿಕೊಳ್ಳಬಹುದು. ಆದರೆ ಓಡಿ ಓಡಿ ಬಸವಳಿದಿದ್ದ ಆ ಜನಕ್ಕೆ ಇದು ಅಧಿಕಾರದ ಲೋಭವೆಂದು ಕಾಣಲಿಲ್ಲ, ಕೋಟೆಯೆಂದು ಕಂಡಿತು. ಆ ಭಾವನೆಯನ್ನು ನಾವು ಹಗುರವಾಗಿ ಕಾಣಲಾರೆವು.

ಕೋಟೆಯೊಳಗೆ ಬಿರುಕು ಬಿಟ್ಟಿತು. ವಿಲಿಯಂ ಲಾ ಎಂಬವನು ಸಾಮಾನ್ಯನಲ್ಲ. ಚರ್ಚಿನ ಅತ್ಯುಚ್ಚ ಮಂಡಲಿಯಲ್ಲಿ ಸ್ಮಿತ್‌ಗೆ ಸಲಹೆಗಾರನಾಗಿದ್ದವನು. ಅವನ ತಮ್ಮನೋ ಅಣ್ಣನೋ ವಿಲ್ಸನ್ ಲಾ ಪಡೆಯಲ್ಲಿ ಮೇಜರ್ ಜನರಲ್. ಪ್ರವಾದಿ ಗುಟ್ಟಾಗಿ ಹಲವು ಮದುವೆಗಳನ್ನು ಮಾಡಿಕೊಂಡಿದ್ದಾನೆ, ಆಪ್ತರಿಗೂ ಅದನ್ನೇ ಬೋಧಿಸುತ್ತಿದ್ದಾನೆ ಎಂಬುದು ಲಾ ದಂಪತಿಗಳಿಗೆ ತಿಳಿದಿತ್ತು. ಭೂಮಿ ವ್ಯವಹಾರದ ಅಸಮಾಧಾನವೂ ಇತ್ತು. 1844ರ ಏಪ್ರಿಲಿನಲ್ಲಿ ಅವರಿಗೆ ಚರ್ಚಿನಿಂದ ಬಹಿಷ್ಕಾರವಾಯಿತು. ಡಾಕ್ಟರ್ ರಾಬರ್ಟ್ ಫಾಸ್ಟರ್, ಹಿಗ್ಬೀ ಸೋದರರು ಮುಂತಾದವರು ಅವರ ಜೊತೆ ಸೇರಿದರು. ಎಲ್ಲರೂ ಕೂಡಿ ಒಂದು ಮುದ್ರಣಯಂತ್ರ ತರಿಸಿ ‘ನಾವೂ ಎಕ್ಸ್‌ಪಾಸಿಟರ್’ ಎಂಬ ವಾರಪತ್ರಿಕೆಯನ್ನು ಸಾರಿದರು. ಸಂಪಾದಕ ಸಿಲ್ವೆಸ್ಟರ್ ಎಮನ್ಸ್. ಅವನು ಮಾರ್ಮನ್ ಅಲ್ಲ, ಆದರೆ ಅದೇ ಪೌರಸಭೆಯ ಸದಸ್ಯ.

ಜೂನ್ 7, ಶುಕ್ರವಾರ ಮೊದಲ ಸಂಚಿಕೆ ಬಂತು. ನಾಲ್ಕು ಪುಟ. ಬಹುಪತ್ನೀತ್ವದ ಬೋಧನೆಯನ್ನು ತಾವು ಕಂಡು ಕೇಳಿದ್ದೇವೆಂದು ವಿಲಿಯಂ ಲಾ, ಅವನ ಹೆಂಡತಿ ಜೇನ್ ಲಾ ಮತ್ತು ಆಸ್ಟಿನ್ ಕೌಲ್ಸ್ ಸಹಿ ಮಾಡಿದ ಪ್ರಮಾಣಪತ್ರಗಳು ಅದರಲ್ಲಿದ್ದವು. ಧರ್ಮ ಮತ್ತು ಆಡಳಿತ ಒಬ್ಬನ ಕೈಯಲ್ಲಿ ಸೇರಬಾರದು, ಊರಿನ ಸನ್ನದು ರದ್ದಾಗಬೇಕು ಎಂದೂ ಬರೆದಿದ್ದರು. ಕೊನೆಯ ಮಾತು ಊರವರಿಗೆ ಸಿಡಿಲಿನಂತೆ ಬಡಿಯಿತು. ಸನ್ನದು ಹೋದರೆ ಕೋಟೆ ಹೋದಂತೆಯೇ. ಭಾಷೆಯೂ ಸೌಮ್ಯವಾಗಿರಲಿಲ್ಲ, ಕೆಲವು ಕಡೆ ಹದ ಮೀರಿ ನಿಂದನೆಯೇ ಆಗಿತ್ತು.

ಮರುದಿನ ಶನಿವಾರ ಪೌರಸಭೆ ಸೇರಿತು, ಮತ್ತೆ ಸೋಮವಾರ ಸೇರಿತು. ನಡವಳಿಗಳನ್ನು ಓದುತ್ತ ಹೋದಂತೆ ನಮಗೆ ನಮ್ಮ ಬರಸಾತಿಯೇ ನೆನಪಾಯಿತು. ಶನಿವಾರದ ಬಹುಪಾಲು ಪತ್ರಿಕೆಯವರ ಚಾರಿತ್ರ್ಯವಿಚಾರಣೆಯಲ್ಲಿಯೇ ಕಳೆಯಿತು: ಒಬ್ಬ ಖೋಟಾ ನಾಣ್ಯದವರ ಸಂಗಡಿಗ, ಇನ್ನೊಬ್ಬ ಹೆಂಗಸರ ಮಾನ ಕೆಡಿಸಿದವ, ಹೀಗೆ ಸಾಕ್ಷಿಯ ಮೇಲೆ ಸಾಕ್ಷಿ. ಎಮನ್ಸ್‌ನನ್ನು ಸದಸ್ಯತ್ವದಿಂದ ಅಮಾನತುಗೊಳಿಸಿದರು. ಪತ್ರಿಕೆಯವರಿಗೆ ನೋಟೀಸಿಲ್ಲ, ಅವರ ಪರವಾಗಿ ಮಾತಾಡಲು ಯಾರಿಗೂ ಕರೆಯಿಲ್ಲ.

ಬಹುಪತ್ನೀತ್ವದ ವಿಷಯ ಬಂದಾಗ ಮೇಯರಿನ ಅಣ್ಣ ಹೈರಂ ಸ್ಮಿತ್, ಆ ದೈವವಾಣಿ ಹಿಂದಿನ ಕಾಲಕ್ಕೆ ಸಂಬಂಧಿಸಿದ್ದು, ಈಗಿನ ಕಾಲಕ್ಕೆ ಅನ್ವಯಿಸುವುದಿಲ್ಲ ಎಂದ. ಇದು ನಿಜವಾಗಿರಲಿಲ್ಲ. ಜೋಸೆಫ್ ಸ್ಮಿತ್‌ಗೆ ಬಹುಮಂದಿ ಪತ್ನಿಯರಿದ್ದರೆಂಬುದನ್ನು ಅದೇ ಚರ್ಚು 2014ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ ತಾನೇ ಒಪ್ಪಿಕೊಂಡಿದೆ. ಎಂದರೆ, ಸುಳ್ಳು ಹೇಳುತ್ತಿದೆಯೆಂದು ಸುಡಲಾದ ಪತ್ರಿಕೆ ಮುಖ್ಯವಾದ ಮಾತಿನಲ್ಲಿ ಸುಳ್ಳು ಹೇಳಿರಲಿಲ್ಲ. (ನಮ್ಮ ಗಣೇಶನ ಲೆಕ್ಕದಲ್ಲಿಯೂ ಆಮೇಲೆ ನೋಡಿದಾಗ ಒಂದಿಷ್ಟು ತಾಳೆಯಾಗಲಿಲ್ಲ. ಕಳ್ಳತನವಲ್ಲ, ಅಲಕ್ಷ್ಯ. ಆದರೂ ತಾಳೆಯಾಗಲಿಲ್ಲ.)

ಸೋಮವಾರದ ಚರ್ಚೆ ಕಾನೂನಿನ ಸುತ್ತ ನಡೆಯಿತು. ಆ ಸಭೆ ಗದ್ದಲದ ಗುಂಪಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಊರಿನ ಸನ್ನದನ್ನು ಓದಿದರು, ರಾಜ್ಯದ ಸಂವಿಧಾನದಲ್ಲಿ ಮುದ್ರಣ ಸ್ವಾತಂತ್ರ್ಯದ ಮಾತಿದ್ದುದನ್ನೂ ಓದಿದರು. ಇಂಗ್ಲೆಂಡಿನ ಧರ್ಮಶಾಸ್ತ್ರಕಾರನಂತಿದ್ದ ಬ್ಲ್ಯಾಕ್‌ಸ್ಟೋನನ ಗ್ರಂಥವನ್ನು ತೆರೆದು, ಸಾರ್ವಜನಿಕ ಉಪದ್ರವ ಎಂದರೇನು ಎಂಬ ವ್ಯಾಖ್ಯೆಯನ್ನು ಸ್ಟೈಲ್ಸ್ ಎಂಬ ಸದಸ್ಯ ಎತ್ತಿದ. ಊರೊಳಗಿನ ಉಪದ್ರವವನ್ನು ತೆಗೆದುಹಾಕುವ ಅಧಿಕಾರ ಸನ್ನದಿನಲ್ಲಿತ್ತು. ಕೊಳೆತ ತಿಪ್ಪೆ, ಸತ್ತ ದನ, ದುರ್ನಾತದ ಕಸಾಯಿಖಾನೆ, ಇವುಗಳಿಗಾಗಿ ಮಾಡಿದ ನಿಯಮ. ಅದನ್ನೇ ಅಚ್ಚುಕೂಟಕ್ಕೆ ಹೊಂದಿಸಿದರು. ಯಂತ್ರವನ್ನು ಒಡೆದು ಮೊಳೆಗಳನ್ನು ಚೆಲ್ಲಾಪಿಲ್ಲಿ ಮಾಡುವುದೇ ಸರಿಯಾದ ಮಾರ್ಗವೆಂದು ಹೈರಂ ಸ್ಮಿತ್ ಹೇಳಿದ. ಮೇಯರು ಸ್ವತಃ, ಈ ಪತ್ರಿಕೆ ಇನ್ನೂ ನಡೆಯುವುದಕ್ಕಿಂತ ತಾನು ನಾಳೆಯೇ ಸಾಯುವುದು ಮೇಲು, ಇದು ದೊಂಬಿಯನ್ನು ನಮ್ಮ ಮೇಲೆ ತರುತ್ತದೆ ಎಂಬ ಅರ್ಥದ ಮಾತಾಡಿದನೆಂದು ನಡವಳಿಯಲ್ಲಿದೆ. ಹದಿನೇಳು ದಿನಗಳಲ್ಲಿ ಅವನು ಸತ್ತ.

ಒಬ್ಬನೇ ಒಬ್ಬ ಅಡ್ಡಬಂದ. ಬೆಂಜಮಿನ್ ವಾರಿಂಗ್ಟನ್, ಚರ್ಚಿಗೆ ಸೇರದ ಸದಸ್ಯ. ಈಗಲೇ ಉಪದ್ರವವೆಂದು ಸಾರುವುದು ಕಠಿಣವಾಯಿತು, ಕೆಲವು ದಿನಗಳ ಗಡುವು ಕೊಡೋಣ, ಒಂದೊಂದು ಮಾನಹಾನಿಗೂ 3000 ಡಾಲರ್ ದಂಡವಿಡೋಣ, ಅದಕ್ಕೂ ಬಗ್ಗದಿದ್ದರೆ ಆಮೇಲೆ ನೋಡೋಣ ಎಂದ. ನಮ್ಮ ಕಣ್ಣಿಗೆ ಇವನೇನೂ ಸ್ವಾತಂತ್ರ್ಯವೀರನಲ್ಲ. ಮೂರು ಸಾವಿರ ಡಾಲರ್ ದಂಡವೂ ಪತ್ರಿಕೆಯನ್ನು ಕೊಲ್ಲುವ ದಂಡವೇ. ಆದರೆ ನಿಧಾನಿಸೋಣ ಎಂದವನು ಅವನೊಬ್ಬನೇ. ಪತ್ರಿಕೆಯವರ ಆಸ್ತಿಯೆಲ್ಲ ಅಡವಿನಲ್ಲಿದೆ, ದಂಡ ವಸೂಲಾಗುವುದೆಲ್ಲಿಂದ ಎಂದು ಹೈರಂ ಕೇಳಿದ. ಕೋರ್ಟಿಗೆ ಕಾರ್ಥೇಜಿಗೆ ಹೋಗಬೇಕು, ಅಲ್ಲಿ ನಮ್ಮ ಜೀವಕ್ಕೆ ಅಪಾಯ ಎಂದು ಮೇಯರು ಹೇಳಿದ.

ಇನ್ನು ಫೆಲ್ಪ್ಸ್. ಹೌದು, ಅದೇ ಡಬ್ಲ್ಯು. ಡಬ್ಲ್ಯು. ಫೆಲ್ಪ್ಸ್. ಹನ್ನೊಂದು ವರ್ಷಗಳ ಹಿಂದೆ ಇಂಡಿಪೆಂಡೆನ್ಸಿನಲ್ಲಿ ತನ್ನ ಅಚ್ಚುಕೂಟ ನೆಲಸಮವಾದುದನ್ನು ಕಂಡವನು ಈಗ ನಾವೂ ಪೌರಸಭೆಯ ಸದಸ್ಯನಾಗಿ ಕುಳಿತಿದ್ದ. ಸಂವಿಧಾನವನ್ನೂ ಸನ್ನದನ್ನೂ ಪರಿಶೀಲಿಸಿದ್ದೇನೆ, ಉಪದ್ರವವೆಂದು ಸಾರುವ ಅಧಿಕಾರ ನಮಗಿದೆ ಎಂದ. ಬೋಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನು ಕಡಲಿಗೆಸೆದಾಗ ಯಾರ ಹಕ್ಕು ಹೋಯಿತೆಂದು ಕೇಳಿದ. ನಡವಳಿಯಲ್ಲಿ ಇಂಡಿಪೆಂಡೆನ್ಸಿನ ನೆನಪು ಅವನ ಬಾಯಿಯಿಂದ ಬಂದುದನ್ನು ನಾವು ಕಾಣೆವು. ಈ ಭಾಗವನ್ನು ಓದಿ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕುಳಿತೆವು.

ಸಂಜೆ ಆರೂವರೆಯ ಹೊತ್ತಿಗೆ ನಿರ್ಣಯವಾಯಿತು. ವಾರಿಂಗ್ಟನ್‌ನ ಮತ ಮಾತ್ರ ವಿರುದ್ಧ. ಮಾರ್ಷಲ್ ಜಾನ್ ಗ್ರೀನ್ ಪಡೆಯವರ ನೆರವಿನೊಂದಿಗೆ ಹೋಗಿ ಯಂತ್ರ, ಮೊಳೆ, ಉಳಿದ ಪ್ರತಿಗಳನ್ನು ಬೀದಿಗೆ ತಂದು ಒಡೆದು ಸುಟ್ಟ. ರಾತ್ರಿ ಎಂಟಕ್ಕೆ ಆಜ್ಞೆ ನೆರವೇರಿತೆಂದು ಮೇಯರಿಗೆ ವರದಿ ಒಪ್ಪಿಸಿದ.

ಮುಂದಿನದನ್ನು ಬೇಗ ಹೇಳಬಹುದು. ಹದಿನೆಂಟು ಮೈಲಿ ದೂರದ ವಾರ್ಸಾ ಎಂಬ ಊರಿನ ಪತ್ರಿಕೆಯಲ್ಲಿ ಥಾಮಸ್ ಶಾರ್ಪ್ ಎಂಬ ಸಂಪಾದಕ, ಇನ್ನು ಮಾತಿಗೆ ಸಮಯವಿಲ್ಲ, ಮದ್ದುಗುಂಡಿನಿಂದಲೇ ಉತ್ತರ ಎಂಬ ಧಾಟಿಯಲ್ಲಿ ಬರೆದ. ದೊಂಬಿಯ ಆಪಾದನೆಯ ಮೇಲೆ ಸ್ಮಿತ್‌ನ ಬಂಧನಕ್ಕೆ ವಾರಂಟು ಬಂದಾಗ ನಾವೂ ನಗರದ ನ್ಯಾಯಾಲಯವೇ ಅವನನ್ನು ಬಿಡಿಸಿತು. ಹೊರಗಿನವರ ಸಿಟ್ಟು ಇಮ್ಮಡಿಯಾಯಿತು. ಜೂನ್ 18ರಂದು ಅವನು ಊರಿನಲ್ಲಿ ಸೈನಿಕ ಶಾಸನ ಹೇರಿದ. ಗವರ್ನರ್ ಥಾಮಸ್ ಫೋರ್ಡ್ ಕಾರ್ಥೇಜಿಗೆ ಬಂದು, ಪೌರಸಭೆ ಮಾಡಿದ್ದು ಕಾನೂನಿಗೆ ವಿರುದ್ಧ, ಶರಣಾಗು, ರಕ್ಷಣೆ ಕೊಡುತ್ತೇನೆ ಎಂದ. ಸ್ಮಿತ್ ಒಮ್ಮೆ ನದಿ ದಾಟಿ ತಪ್ಪಿಸಿಕೊಂಡು, ಮತ್ತೆ ಮರಳಿ ಬಂದು ಶರಣಾದ. ಜೂನ್ 27ರ ಸಂಜೆ ಮುಖಕ್ಕೆ ಮಸಿ ಬಳಿದುಕೊಂಡ ಗುಂಪು ಕಾರ್ಥೇಜಿನ ಜೈಲಿಗೆ ನುಗ್ಗಿ ಜೋಸೆಫ್‌ನನ್ನೂ ಹೈರಂನನ್ನೂ ಗುಂಡಿಕ್ಕಿ ಕೊಂದಿತು. ಜೋಸೆಫ್‌ಗೆ ಆಗ 38 ವರ್ಷ. ಜೊತೆಯಲ್ಲಿದ್ದ, ಚರ್ಚಿನ ಪರವಾದ ಪತ್ರಿಕೆಯ ಸಂಪಾದಕ ಜಾನ್ ಟೇಲರ್ ಗಾಯಗೊಂಡು ಬದುಕಿದ. ಶಾರ್ಪ್ ಸೇರಿ ಐವರ ಮೇಲೆ 1845ರಲ್ಲಿ ಮೊಕದ್ದಮೆ ನಡೆದು ಐವರೂ ಬಿಡುಗಡೆಯಾದರು. ಆ ವರ್ಷದ ಜನವರಿಯಲ್ಲೇ ಸನ್ನದು ರದ್ದಾಗಿತ್ತು. 1846ರ ಫೆಬ್ರವರಿಯಿಂದ ಊರಿಗೆ ಊರೇ ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟಿತು.

ಪತ್ರಿಕೆ ಸುಟ್ಟಿದ್ದಕ್ಕಾಗಿ ಕೊಲೆ ನ್ಯಾಯವಾಯಿತೆಂದು ಯಾರೂ ಹೇಳಲಾರರು. ಆ ಗುಂಪಿಗೆ ಮುದ್ರಣ ಸ್ವಾತಂತ್ರ್ಯದ ಮೇಲೆ ಪ್ರೀತಿಯೇನೂ ಉಕ್ಕಿರಲಿಲ್ಲ. ಅದೇ ಇಲಿನಾಯ್ ರಾಜ್ಯದ ಆಲ್ಟನ್ ಎಂಬ ಊರಿನಲ್ಲಿ, ಗುಲಾಮಗಿರಿಯನ್ನು ಖಂಡಿಸಿ ಬರೆಯುತ್ತಿದ್ದ ಎಲಿಜಾ ಲವ್‌ಜಾಯ್ ಎಂಬ ಪಾದ್ರಿಯನ್ನು 1837ರಲ್ಲಿ ದೊಂಬಿಯವರು ಕೊಂದು ಅವನ ಯಂತ್ರವನ್ನು ಒಡೆದಿದ್ದರು. ಆ ಕೊಲೆಗೂ ಯಾರಿಗೂ ಶಿಕ್ಷೆಯಾಗಲಿಲ್ಲ. ಆ ಕಾಲದಲ್ಲಿ ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಕೇಂದ್ರ ಶಾಸನಸಭೆಯನ್ನು ಮಾತ್ರ ಕಟ್ಟಿಹಾಕುತ್ತಿತ್ತು, ಊರಿನ ಪೌರಸಭೆಯನ್ನಲ್ಲ. 1965ರಲ್ಲಿ ಡಾಲಿನ್ ಓಕ್ಸ್ ಎಂಬ ಕಾನೂನು ಪ್ರಾಧ್ಯಾಪಕರು, ಮುಂದೆ ಅದೇ ಚರ್ಚಿನ ಅಗ್ರ ನಾಯಕರಾದವರು, ಈ ಪ್ರಕರಣವನ್ನು ಕೂಲಂಕಷವಾಗಿ ಪರಿಶೀಲಿಸಿ ಬರೆದರು: ಆ ಕಾಲದ ಕಾನೂನಿನಂತೆ ಪ್ರತಿಗಳನ್ನು ನಾಶಮಾಡುವುದಕ್ಕೆ ಆಧಾರ ಹುಡುಕಬಹುದು, ಯಂತ್ರವನ್ನು ಒಡೆಯುವುದಕ್ಕೆ ಆಧಾರವಿಲ್ಲ. ಪತ್ರಿಕೆಯನ್ನು ಉಪದ್ರವವೆಂದು ಸಾರುವ ಈ ಉಪಾಯಕ್ಕೆ ಅಮೆರಿಕದ ಸುಪ್ರೀಂ ಕೋರ್ಟು ತೆರೆ ಎಳೆದುದು 1931ರಲ್ಲಿ, ಮಿನೆಸೋಟ ರಾಜ್ಯದ ಕಾಯಿದೆಯೊಂದನ್ನು ತಳ್ಳಿಹಾಕಿ. ಅಲ್ಲಿಯೂ ಪತ್ರಿಕೆ ಒಳ್ಳೆಯದಾಗಿರಲಿಲ್ಲ. ಯೆಹೂದ್ಯರನ್ನು ಹೀನಾಯವಾಗಿ ಬೈಯುತ್ತಿತ್ತು. ಐದು ನಾಲ್ಕರ ಬಹುಮತದ ತೀರ್ಪು.

ನಾವೂ ನಗರದಲ್ಲಿ ಇಷ್ಟೆಲ್ಲ ನಡೆಯುವುದಕ್ಕೆ ಒಂದು ವರ್ಷ ಮೊದಲು, 1843ರಲ್ಲಿ, ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ತಂದು ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ್ದ. ಅರುವತ್ತೈದು ವರ್ಷಗಳಲ್ಲಿ ನಮ್ಮ ಕಡೆಯೂ ಪತ್ರಿಕೆಗಳ ಮೇಲೆ ಕತ್ತಿ ಬಿತ್ತು. 1908ರಲ್ಲಿ ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ ಮೈಸೂರು ಸಂಸ್ಥಾನ ವೃತ್ತಪತ್ರಿಕೆಗಳ ಕಾಯಿದೆಯನ್ನು ತಂದು, ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆ ನಡೆಸಕೂಡದೆಂದಿತು. ತಾತಯ್ಯನವರೆಂದು ಜನ ಪ್ರೀತಿಯಿಂದ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಅಲ್ಲಿ ಬೆಂಕಿ ಹಚ್ಚಲಿಲ್ಲ, ಗೆಜೆಟ್ಟಿನಲ್ಲಿ ಮುಗಿಸಿದರು.

ನಾವಿರುವ ದೆಹಲಿಗೂ ಇಂಥದೊಂದು ಕಥೆಯಿದೆ. 1950ರ ಮಾರ್ಚ್ 2ರಂದು ದೆಹಲಿಯ ಮುಖ್ಯ ಆಯುಕ್ತರು ‘ಆರ್ಗನೈಸರ್’ ವಾರಪತ್ರಿಕೆಗೆ ಆಜ್ಞೆ ಮಾಡಿದರು: ಕೋಮುಸಂಬಂಧದ ಬರಹಗಳನ್ನೂ ಪಾಕಿಸ್ತಾನದ ಸುದ್ದಿ, ಚಿತ್ರ, ವ್ಯಂಗ್ಯಚಿತ್ರಗಳನ್ನೂ ಅಚ್ಚಿಗೆ ಮುನ್ನ ತೋರಿಸಿ ಒಪ್ಪಿಗೆ ಪಡೆಯತಕ್ಕದ್ದು. ವಿಭಜನೆಯ ಗಾಯ ಹಸಿಯಾಗಿತ್ತು. ಕಿಂಗ್ಸ್‌ವೇ ಕ್ಯಾಂಪಿನಲ್ಲಿ ನಿರಾಶ್ರಿತರು ತುಂಬಿದ್ದ ದಿನಗಳವು. ಆಯುಕ್ತರ ಅಂಜಿಕೆ ಸುಳ್ಳೆನ್ನಲಾಗದು. ಆದರೂ ಮೇ 26ರಂದು ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ರದ್ದುಮಾಡಿತು. ಅದೇ ದಿನ, ಮದರಾಸು ಸರ್ಕಾರ ತನ್ನ ಪ್ರಾಂತದಲ್ಲಿ ನಿಷೇಧಿಸಿದ್ದ ರೊಮೇಶ್ ಥಾಪರರ ‘ಕ್ರಾಸ್ ರೋಡ್ಸ್’ ಪತ್ರಿಕೆಗೂ ಬಿಡುಗಡೆ ಸಿಕ್ಕಿತು. ಒಂದು ಬಲದ ಪತ್ರಿಕೆ, ಇನ್ನೊಂದು ಎಡದ್ದು. ಮರುವರ್ಷವೇ ನೆಹರೂ ಸರ್ಕಾರ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು, ಸಾರ್ವಜನಿಕ ಸುವ್ಯವಸ್ಥೆಯ ಕಾರಣಕ್ಕೆ ವಾಕ್ ಸ್ವಾತಂತ್ರ್ಯವನ್ನು ಮಿತಗೊಳಿಸಲು ದಾರಿ ಮಾಡಿತು. ಸಂಸತ್ತಿನಲ್ಲಿ ಅದನ್ನು ಬಲವಾಗಿ ವಿರೋಧಿಸಿದವರಲ್ಲಿ ನಮ್ಮ ಬಡಾವಣೆಗೆ ಯಾರ ಹೆಸರಿದೆಯೋ ಆ ಶ್ಯಾಮಾಪ್ರಸಾದ್ ಮುಖರ್ಜಿಯವರೂ ಒಬ್ಬರು. ಬತ್ರಾ ಸಿನಿಮಾದ ಸುತ್ತ ಐ.ಎ.ಎಸ್. ಪರೀಕ್ಷೆಗೆ ಓದುವ ಹುಡುಗರಿಗೆ ಈ ಎರಡು ಮೊಕದ್ದಮೆಗಳ ಹೆಸರು ಬಾಯಿಪಾಠ.

ಎಕ್ಸ್‌ಪಾಸಿಟರ್ ಪತ್ರಿಕೆಯ ಎರಡನೆಯ ಸಂಚಿಕೆ ಬರಲೇ ಇಲ್ಲ. ಸೋಮವಾರ ಬೆಂಕಿ ಬೀಳುವಷ್ಟರಲ್ಲಿ ಶುಕ್ರವಾರದ ಸಂಚಿಕೆ ಓದುಗರ ಕೈಸೇರಿತ್ತು. ಅದರ ಪ್ರತಿಗಳು ಇಂದಿಗೂ ಉಳಿದಿವೆ, ಬೇಕಾದವರು ಓದಬಹುದು. ನಮ್ಮ ಸೈಕ್ಲೋಸ್ಟೈಲ್ ಹಾಳೆಯ ಆ ಸಂಚಿಕೆ ಮಾತ್ರ ನಮ್ಮಲ್ಲಿಲ್ಲ. ಅಂಗೀಠಿಗೆ ಹಾಕುವ ಮೊದಲು ಸ್ಟೆನ್ಸಿಲ್ ಬರೆದ ಹುಡುಗ ಎರಡು ಮೂರು ಪ್ರತಿ ಮನೆಗೆ ಒಯ್ದಿದ್ದನೆಂದು ಆಮೇಲೆ ಕೇಳಿದೆವು. ಓದುಗರಲ್ಲಿ ಯಾರ ಹಳೆಯ ಟ್ರಂಕಿನಲ್ಲಾದರೂ ಅದು ಸಿಕ್ಕಿದರೆ ದಯಮಾಡಿ ತಿಳಿಸಬೇಕು. ಆ ಪತ್ರವನ್ನು ಈ ಪುಟಗಳಲ್ಲಿ, ಒಂದಕ್ಷರ ಬಿಡದೆ, ಅಚ್ಚುಮಾಡಬೇಕೆಂದಿದ್ದೇವೆ.